ಸನಾಮರ ಸಮಾಗಮ: ಮಧುಗಿರಿ ಸೀಮೆಯ ನಾಮಪದ್ಧತಿಯನ್ನು ಕುರಿತು

ಒಂದೇ ಹೆಸರುಳ್ಳ ಇಬ್ಬರು ಪೂರ್ವಪರಿಚಯವಿಲ್ಲದವರು, ಇಬ್ಬರಿಗೂ ಸ್ವಸ್ಥಳವಲ್ಲದ ಊರೊಂದರಲ್ಲಿ ಸಂಧಿಸಿದರೆ, ಅವರ ಮನಸ್ಸಿನಲ್ಲಿ ಹುಟ್ಟುವ ಭಾವವು ಒಂದೇ ಬಗೆಯದಲ್ಲ. ಕೆಲವರು ಬಂಧುವನ್ನು ಕಂಡಂತೆ ಹಿಗ್ಗುವರು. ಕೆಲವರು ತಮ್ಮ ಪಂಚೆಯನ್ನು ಬೇರೊಬ್ಬನು ಉಟ್ಟು ತಿರುಗುತ್ತಿರುವುದನ್ನು ಕಂಡವರಂತೆ ಒಳಗೊಳಗೇ ಮುನಿಯುವರು. ಈ ಎರಡು ಭಾವಗಳ ಹಿಂದೆಯೂ ಇರುವ ಪ್ರಶ್ನೆಯು ಒಂದೇ: ಹೆಸರೆಂಬುದು ಯಾರ ಸೊತ್ತು? ಲೋಕವಿನೋದದಂತೆ ತೋರುವ ಈ ವಿಷಯವು ಶಾಸನವಿಮರ್ಶೆಗೂ, ಕವಿಚರಿತ್ರೆಗೂ, ಕಡೆಗೆ ಶಾಲೆಯ ದಾಖಲೆ ಪುಸ್ತಕಕ್ಕೂ ಸಂಬಂಧಪಟ್ಟುದಾದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಮಾಡುವುದು ಅನುಚಿತವಾಗಲಾರದೆಂದು ಭಾವಿಸಿ ಈ ಲೇಖನವನ್ನು ವಾಚಕಮಹಾಶಯರ ಮುಂದಿಡುತ್ತಿದ್ದೇನೆ.

ಮೊದಲು ಶಬ್ದವಿಚಾರ. ಸಮಾನವಾದ ಹೆಸರುಳ್ಳವನು ಎಂಬ ಅರ್ಥದ 'ಸನಾಮನ್' ಶಬ್ದವು ಋಗ್ವೇದದಷ್ಟು ಹಳೆಯದು. ಪಾರಸಿಯವರು ಇದನ್ನೇ 'ಹಮ್‌ನಾಮ್' ಎನ್ನುವರು. ಸ್ವರೂಪಸಾಮ್ಯವು ಸ್ಪಷ್ಟವಾಗಿಯೇ ಇದೆ. ಸ್ಪೇನ್ ದೇಶದವರಲ್ಲಿ 'ತೊಕಾಯೊ' ಎಂಬ ಪ್ರತ್ಯೇಕ ಶಬ್ದವುಂಟು. ತನ್ನ ಹೆಸರಿನವನನ್ನು ಹಾಗೆ ಸಂಬೋಧಿಸಿ ಸಲಿಗೆಯಿಂದ ಮಾತಾಡಿಸುವ ರೂಢಿಯೂ ಅವರಲ್ಲಿದೆ. ವಂಗಭಾಷೆಯ 'ಮಿತಾ' ಎಂಬುದು ಸ್ನೇಹಿತನನ್ನೂ ಸನಾಮನನ್ನೂ ಒಟ್ಟಿಗೇ ಹೇಳುವುದು. ನಮ್ಮ ಕನ್ನಡದಲ್ಲಿ ಆಡುಮಾತಿನವರು 'ನನ್ನ ಹೆಸರಿನವನು' ಎಂದಿಷ್ಟೇ ಹೇಳಿ ತೃಪ್ತರಾಗುವರು. ಈ ಪ್ರಯೋಗವನ್ನು ಸೂಕ್ಷ್ಮವಾಗಿ ನೋಡಿದರೆ, ಹೆಸರು ಮನುಷ್ಯನದಾಗಿರುವುದಕ್ಕಿಂತ ಹೆಚ್ಚಾಗಿ ಮನುಷ್ಯನು ಹೆಸರಿನವನಾಗಿದ್ದಾನೆ. 'ಊರಿನವನು', 'ಮನೆಯವನು' ಎನ್ನುವಂತೆಯೇ 'ಹೆಸರಿನವನು'. ಊರು ಒಬ್ಬನದಲ್ಲ, ಮನೆಯೂ ಒಬ್ಬನದಲ್ಲ. ಈ ಷಷ್ಠಿಯಲ್ಲಿಯೇ ನಮ್ಮವರ ನಾಮತತ್ತ್ವವು ಅಡಗಿರುವುದೆಂದು ನನ್ನ ಅಭಿಪ್ರಾಯ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳನ್ನು ವಿದ್ಯಾ ಇಲಾಖೆಯವರು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಒಂದುಗೂಡಿಸಿದ್ದಾರೆ. ಇಲ್ಲಿಯ ಯಾವುದಾದರೂ ಹಳೆಯ ಪಾಠಶಾಲೆಯ ಹಾಜರಿ ಪುಸ್ತಕವನ್ನು ತೆರೆದು ನೋಡಿದವರಿಗೆ ರಂಗ, ತಿಮ್ಮ, ಹನುಮಂತ, ನರಸಿಂಹ, ಸಿದ್ಧ, ಮಾರ, ನಾಗ ಎಂಬ ಕೆಲವೇ ಪ್ರಕೃತಿಗಳಿಂದ ಎಷ್ಟು ಮಂದಿ ಹುಡುಗರು ನಿಷ್ಪನ್ನರಾಗಿದ್ದಾರೆಂಬುದು ತಿಳಿಯುವುದು. ಪ್ರತ್ಯಯಗಳೋ ಬಹಳ: ರಂಗಪ್ಪ, ರಂಗಯ್ಯ, ರಂಗಣ್ಣ, ರಂಗೇಗೌಡ, ರಂಗನಾಥ, ರಂಗಸ್ವಾಮಿ. ಪಾವಗಡದ ಕಡೆ ತೆಲುಗು ಮನೆಮಾತಾಗಿರುವವರಲ್ಲಿಯೂ ಇದೇ ಪ್ರಕೃತಿಗಳು ಅಲ್ಪಭೇದದಿಂದ ಕಾಣಬರುತ್ತವೆ.

ಇದು ಕಲ್ಪನಾದಾರಿದ್ರ್ಯವೆಂದು ಪೇಟೆಯವರು ಹಾಸ್ಯಮಾಡುವುದುಂಟು. ಹಾಗಲ್ಲ. ಈ ಹೆಸರುಗಳು ಹುಟ್ಟುವುದು ಎರಡು ಸ್ಥಾನಗಳಿಂದ. ಒಂದು ಬೆಟ್ಟ, ಇನ್ನೊಂದು ತಾತ. ತುಮಕೂರಿನಿಂದ ಶಿರಾಕ್ಕೆ ಹೋಗುವ ದಾರಿಯಲ್ಲಿ ಸೀಬಿಯ ನರಸಿಂಹನಿದ್ದಾನೆ. ಮಧುಗಿರಿಯಲ್ಲಿ ವೆಂಕಟರಮಣನೂ ಮಲ್ಲೇಶ್ವರನೂ ದಂಡಿನ ಮಾರಮ್ಮನೂ ಇದ್ದಾರೆ. ಕೊರಟಗೆರೆಯ ಸೀಮೆಯಲ್ಲಿ ಸಿದ್ಧರಬೆಟ್ಟವೂ, ಗೊರವನಹಳ್ಳಿಯ ಮಹಾಲಕ್ಷ್ಮಿಯೂ ಪ್ರಸಿದ್ಧ. ಶಿರಾ ಸೀಮೆಯ ಕಾಡುಗೊಲ್ಲರಿಗೆ ಜುಂಜಪ್ಪನು ವೀರನೂ ದೈವವೂ ಆಗಿದ್ದಾನೆ. ಉತ್ತರಪಿನಾಕಿನಿಯ ತೀರದ ನಾಗಲಮಡಿಕೆಯ ಸುಬ್ರಹ್ಮಣ್ಯನನ್ನು ಕುಕ್ಕೆ, ಘಾಟಿಗಳ ಸಾಲಿನಲ್ಲಿ ಅಂತ್ಯಸುಬ್ರಹ್ಮಣ್ಯನೆಂದು ಎಣಿಸುವರು. ಸುಬ್ಬರಾಯ, ನಾಗಪ್ಪ, ಸುಬ್ಬಮ್ಮ ಎಂಬುವರು ಆ ಸುತ್ತಿನಲ್ಲಿ ಏಕೆ ಇಷ್ಟೊಂದು ಮಂದಿಯೆಂದು ಕೇಳುವ ಅಗತ್ಯವೇ ಇಲ್ಲ. ಹರಕೆ ಹೊತ್ತು ಹುಟ್ಟಿದ ಮಗುವಿಗೆ ಆ ದೇವರ ಹೆಸರನ್ನಲ್ಲದೆ ಬೇರೊಂದನ್ನು ಇಟ್ಟರೆ ಅದು ಕೃತಘ್ನತೆಯಾಗುವುದು. ಒಂದೇ ಮನೆಯಲ್ಲಿ ಇಬ್ಬರು ಗಂಡುಮಕ್ಕಳು ಹರಕೆಯವರಾದರೆ ದೊಡ್ಡರಂಗಪ್ಪ, ಚಿಕ್ಕರಂಗಪ್ಪ. ಮೂರನೆಯವನೂ ಹುಟ್ಟಿದರೆ ಪುಟ್ಟರಂಗಪ್ಪ. ಹೆಸರಿನ ವಿಶೇಷಣವು ಬದಲಾಗಬಹುದೇ ಹೊರತು ವಿಶೇಷ್ಯವು ಬದಲಾಗದು. ಅರಮನೆಯವರೂ ಇದನ್ನೇ ಮಾಡಿದರು; ಮುಮ್ಮಡಿ ಕೃಷ್ಣರಾಜ, ನಾಲ್ವಡಿ ಕೃಷ್ಣರಾಜ ಎಂಬಲ್ಲಿ ಸಂಖ್ಯೆಯು ಮಾಡುವ ಕೆಲಸವನ್ನು ಹಳ್ಳಿಯಲ್ಲಿ ದೊಡ್ಡ, ಚಿಕ್ಕ ಎಂಬವು ಮಾಡುತ್ತವೆ.

ತಾತನ ವಿಷಯ. 'ತಾತನ ಹೆಸರು ಕಟ್ಟಿದರು' ಎಂಬ ಮಾತು ಈ ಪ್ರಾಂತದಲ್ಲಿ ಸಾಮಾನ್ಯ. ಗಂಡುಮಗುವಿಗೆ ಪಿತಾಮಹನ ಹೆಸರೂ ಹೆಣ್ಣುಮಗುವಿಗೆ ಪಿತಾಮಹಿಯ ಹೆಸರೂ ಬರುವುದರಿಂದ, ಹೆಸರು ಒಂದು ತಲೆಯನ್ನು ಬಿಟ್ಟು ಮತ್ತೊಂದು ತಲೆಗೆ ಇಳಿಯುವುದು. ಇದರಿಂದ ಮನೆಯೊಳಗೆ ಒಂದು ಸೊಗಸಾದ ತೊಡಕುಂಟಾಗುವುದು. ಮಾವನ ಹೆಸರನ್ನು ಸೊಸೆಯು ಉಚ್ಚರಿಸಬಾರದು. ಆದರೆ ಆಕೆಯ ಮಗನಿಗೆ ಅದೇ ಹೆಸರು. ಆದಕಾರಣ ಆಕೆಯು ತಾನು ಹೆತ್ತ ಮಗನನ್ನು 'ತಾತ' ಎಂದೋ 'ಅಪ್ಪಯ್ಯ' ಎಂದೋ ಕರೆದು, ಎತ್ತಿಕೊಂಡು ಹಾಲುಣಿಸುವಾಗಲೂ ಬಹುವಚನವನ್ನೇ ಪ್ರಯೋಗಿಸುವುದನ್ನು ಹಳಬರು ಕಂಡಿರುತ್ತಾರೆ. ಗಂಡನ ಹೆಸರು ರಂಗಪ್ಪನೆಂದಿದ್ದರೆ ನೆರೆಮನೆಯ ರಂಗಪ್ಪನನ್ನೂ ಆಕೆಯು ಹೆಸರು ಹಿಡಿದು ಕರೆಯಳು. 'ನಮ್ಮೋರ ಹೆಸರಿನೋರು' ಎನ್ನುವಳು. ಅಪರಿಚಿತನಾದ ಸನಾಮನಿಗೂ ಗೌರವದಲ್ಲಿ ಪಾಲುಂಟೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?

ಈ ಪದ್ಧತಿಯು ಮತಭೇದವನ್ನು ನೋಡುವುದಿಲ್ಲ. ಶಿರಾ ಪಟ್ಟಣವು ಬಿಜಾಪುರದವರ ಕೈಸೇರಿ, ಅನಂತರ ೧೬೮೭ರಿಂದ ಮೊಗಲರ ಸುಬೆಯ ರಾಜಧಾನಿಯಾಯಿತಷ್ಟೆ. ಹೈದರಾಲಿಯ ತಂದೆ ಫತೇ ಮಹಮ್ಮದನು ಶಿರಾದ ನವಾಬನಲ್ಲಿ ಸೇವಕನಾಗಿದ್ದವನು. ಅವನ ಮೊಮ್ಮಗನಿಗೆ ಆರ್ಕಾಟಿನ ಸಾಧು ಟಿಪ್ಪು ಮಸ್ತಾನ್ ಔಲಿಯಾನ ಹೆಸರೂ, ತಾತನ ಹೆಸರನ್ನನುಸರಿಸಿ ಫತೇ ಅಲಿ ಎಂಬ ಹೆಸರೂ ಬಂದವು. ಬೆಟ್ಟದ ಸ್ಥಾನದಲ್ಲಿ ದರ್ಗಾ, ತಾತನ ಸ್ಥಾನದಲ್ಲಿ ತಾತನೇ.

ಹೆಸರು ದೇವರದೂ ತಾತನದೂ ಆದಮೇಲೆ ಮನುಷ್ಯನನ್ನು ಗುರುತಿಸುವುದು ಹೇಗೆ? ಇಲ್ಲಿಯ ಜನರು ಹೆಸರನ್ನು ಕೇಳಿ ಸುಮ್ಮನಾಗುವುದಿಲ್ಲ. 'ಯಾವೂರು? ಯಾರ ಪೈಕಿ? ಮನೆದೇವರು ಯಾವುದು?' ಎಂಬ ಮೂರು ಪ್ರಶ್ನೆಗಳು ಕ್ರಮವಾಗಿ ಬರುತ್ತವೆ. ಕುಂಚಿಟಿಗರಲ್ಲಿ ಕುಲವನ್ನೂ, ಮ್ಯಾಸಬೇಡರಲ್ಲಿ ಬೆಡಗನ್ನೂ ಕೇಳುವರು. ಉತ್ತರ ದೊರೆತಮೇಲೆ ಎದುರಿನವನು ಅಣ್ಣನೋ, ಭಾವನೋ, ಏನೂ ಅಲ್ಲವೋ ಎಂಬುದು ನಿಶ್ಚಯವಾಗುವುದು. ಗಮನಿಸತಕ್ಕದ್ದೇನೆಂದರೆ, ಇಬ್ಬರು ಹನುಮಂತರಾಯಪ್ಪಂದಿರು ಸಂಧಿಸಿದಾಗ ಹೆಸರಿನ ಐಕ್ಯವು ಸಂಭಾಷಣೆಗೆ ಬಾಗಿಲಾಗುವುದೇ ಹೊರತು ನಿರ್ಣಯವಾಗುವುದಿಲ್ಲ. ಹೆಸರು ಬೇರೆಯಾಗಿ ಬೆಡಗು ಒಂದಾದವರು ಅಣ್ಣತಮ್ಮಂದಿರು. ಹೆಸರು ಒಂದಾಗಿ ಬೆಡಗು ಬೇರೆಯಾದವರು ಬೀಗರಾಗಬಹುದು.

ಮನುಷ್ಯರಿಗೆ ಹೇಗೋ ಊರುಗಳಿಗೂ ಹಾಗೆಯೇ. ಹೊಸಕೋಟೆಗಳು ನಮ್ಮ ನಾಡಿನಲ್ಲಿ ಹಲವು; ಆದುದರಿಂದ ಪಾವಗಡ ತಾಲ್ಲೂಕಿನ ಹೊಸಕೋಟೆಯು ಯಲ್ಲಪ್ಪನಾಯಕನ ಹೊಸಕೋಟೆಯೆನಿಸಿ, ಕಾಲಕ್ರಮದಲ್ಲಿ ಸರ್ಕಾರದ ಗುಮಾಸ್ತರಂತೆ ಎರಡು ಮೊದಲಕ್ಷರಗಳನ್ನು ಧರಿಸಿ ವೈ. ಎನ್. ಹೊಸಕೋಟೆಯಾಯಿತು. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗವು ಸಿ. ಎನ್. ದುರ್ಗವಾಗಿದೆ, ತುಮಕೂರಿನ ಪಕ್ಕದ ದೇವರಾಯನದುರ್ಗವು ಮಾತ್ರ ಇನ್ನೂ ಪೂರ್ಣನಾಮದಿಂದಲೇ ಶೋಭಿಸುತ್ತಿದೆ. ಗಡಿಯಾಚೆ ಆಂಧ್ರದೇಶದಲ್ಲಿ ಕನ್ನಡಿಗರೂ ವಾಸಿಸುವ ಮಡಕಶಿರಾ ಎಂಬ ಊರು ಇರುವುದರಿಂದ, 'ಶಿರಾಕ್ಕೆ ಹೋಗಬೇಕು' ಎಂದವನನ್ನು 'ಬರಿಯ ಶಿರಾವೋ, ಮಡಕಶಿರಾವೋ?' ಎಂದು ಪಾವಗಡದ ನಿಲ್ದಾಣದಲ್ಲಿ ಕೇಳಿದರೆ ಆಶ್ಚರ್ಯಪಡಬೇಕಾದುದಿಲ್ಲ. ಊರಿನ ಹೆಸರನ್ನು ತನ್ನ ಹೆಸರಿನ ಮುಂದೆ ಹಚ್ಚಿಕೊಳ್ಳುವ ಸಂಪ್ರದಾಯವೂ ಈ ವಿವೇಕದಿಂದಲೇ ಬಂದುದು. ರಾಮಚಂದ್ರಪ್ಪನೆಂಬವರು ನಾಡಿನಲ್ಲಿ ಅನೇಕರು; ಬರಗೂರು ರಾಮಚಂದ್ರಪ್ಪನವರೆಂದರೆ ಶಿರಾ ತಾಲ್ಲೂಕಿನ ಬರಗೂರಿನವರಾದ ಸಾಹಿತಿಗಳೊಬ್ಬರೇ.

ಇನ್ನು ಶಾಸ್ತ್ರದ ಕಡೆ ತಿರುಗೋಣ. ಪಾಣಿನಿಯ ಏಕಶೇಷಪ್ರಕರಣವನ್ನು ಓದಿದ ವಿದ್ಯಾರ್ಥಿಗೆ ಮೊಟ್ಟಮೊದಲು ಹೇಳಿಕೊಡುವ ಉದಾಹರಣವು 'ರಾಮೌ' ಎಂಬುದು. ಸಮಾನರೂಪದ ಎರಡು ಶಬ್ದಗಳು ಒಂದೇ ವಿಭಕ್ತಿಯಲ್ಲಿ ಬಂದರೆ ಒಂದು ಉಳಿದು ಮತ್ತೊಂದು ಲೋಪವಾಗುವುದು. ಉಳಿದುದು ದ್ವಿವಚನವನ್ನು ಹೊತ್ತು ಇಬ್ಬರನ್ನೂ ಹೇಳುವುದು. ಉಳಿದ ರಾಮನು ಯಾವನು, ಲೋಪಹೊಂದಿದ ರಾಮನು ಯಾವನು ಎಂಬುದನ್ನು ವೈಯಾಕರಣನು ಹೇಳುವುದಿಲ್ಲ. ಹೇಳುವುದು ಶಕ್ಯವೂ ಅಲ್ಲ. ಬಾಲ್ಯದಲ್ಲಿ ಇದನ್ನು ಕಂಠಪಾಠಮಾಡುವಾಗ ನಮಗೆ ಇದರಲ್ಲಿ ಯಾವ ವಿಶೇಷವೂ ತೋರಲಿಲ್ಲ. ಸನಾಮರ ಸಮಾಗಮಕ್ಕೆ ಇದಕ್ಕಿಂತ ನಿಷ್ಪಕ್ಷಪಾತವಾದ ವ್ಯವಸ್ಥೆಯನ್ನು ಯಾರೂ ಮಾಡಿಲ್ಲವೆಂದು ಈಗ ತೋರುತ್ತದೆ.

ವ್ಯಾಕರಣವು ಒಂದುಗೂಡಿಸಿದುದನ್ನು ಧರ್ಮಶಾಸ್ತ್ರವು ಬಿಡಿಸುವುದು. ಹಿರಿಯರಿಗೆ ನಮಸ್ಕರಿಸುವವನು ತನ್ನ ಹೆಸರನ್ನು ಹೇಳಿ ನಮಸ್ಕರಿಸಬೇಕೆಂಬುದು ಮನುಸ್ಮೃತಿಯ ವಿಧಿ. ಆಚಾರದಲ್ಲಿ ಅದರೊಡನೆ ಪ್ರವರಋಷಿಗಳು, ಗೋತ್ರ, ಸೂತ್ರ, ಶಾಖೆ, ಇಷ್ಟೂ ಸೇರಿ, ಹೆಸರು ಕಟ್ಟಕಡೆಯಲ್ಲಿ ಬರುವುದು. ಈ ಕ್ರಮವು ಅರ್ಥವತ್ತಾದುದು: ಮೊದಲು ಪ್ರವಾಹ, ಆಮೇಲೆ ಕಾಲುವೆ, ಕಡೆಗೆ ಬಿಂದಿಗೆ. ಪ್ರತ್ಯಭಿವಾದದಲ್ಲಿ ಹಿರಿಯನು ಆ ಹೆಸರಿನ ಕೊನೆಯ ಸ್ವರವನ್ನು ಪ್ಲುತವಾಗಿ, ಅಂದರೆ ಮೂರು ಮಾತ್ರೆಗಳಷ್ಟು ಎಳೆದು ಉಚ್ಚರಿಸಬೇಕೆಂದು ಪಾಣಿನಿಯು ಅಷ್ಟಮಾಧ್ಯಾಯದಲ್ಲಿ ವಿಧಿಸಿದ್ದಾನೆ. ಸಾವಿರಾರು ದೇವದತ್ತರಲ್ಲಿ ಈಗ ಎದುರಿಗಿರುವ ಈ ದೇವದತ್ತನನ್ನು ಆ ಒಂದು ಪ್ಲುತವು ಪ್ರತ್ಯೇಕಿಸಿ ಹರಸುವುದು. ಶೂದ್ರರಿಗೆ ಈ ಮರ್ಯಾದೆಯಿಲ್ಲವೆಂದು ಅದೇ ಸೂತ್ರವು ಹೇಳಿರುವುದನ್ನು ಮರೆಮಾಚಬೇಕಾದುದಿಲ್ಲ. ಆದರೆ ಮೇಲೆ ಹೇಳಿದ ಬೆಡಗು, ಮನೆದೇವರುಗಳ ಪ್ರಶ್ನೋತ್ತರವನ್ನು ನೋಡಿದರೆ, ಸೂತ್ರಕಾರನು ಹೊರಗಿಟ್ಟ ಜನರು ತಮ್ಮದೇ ಆದ ಪ್ರವರವನ್ನು ಯಾರ ಅಪ್ಪಣೆಯನ್ನೂ ಕಾಯದೆ ರಚಿಸಿಕೊಂಡರೆಂಬುದು ಸ್ಪಷ್ಟವಾಗುವುದು. ನನಗೆ ಆ ಪ್ರವರವು ಈ ಪ್ರವರಕ್ಕಿಂತ ಒಂದು ಕೂದಲೆಳೆಯಷ್ಟೂ ಕಡಮೆಯದಾಗಿ ತೋರಲಿಲ್ಲ.

ಇದರ ಉಪಯೋಗವನ್ನು ಒಮ್ಮೆ ಸ್ವತಃ ಅನುಭವಿಸಿದ್ದೇನೆ. ಕಾಶಿಯಲ್ಲಿ ನಾನು ಇಳಿದುಕೊಳ್ಳಲು ಹೋದ ಛತ್ರದ ಪುಸ್ತಕದಲ್ಲಿ ನನ್ನ ಹೆಸರೂ ನನ್ನ ತಂದೆಯವರ ಹೆಸರೂ ಮೊದಲೇ ಬರೆದಿದ್ದವು. ಊರಿನ ಅಂಕಣದಲ್ಲಿ ಕರ್ನಾಟಕವೆಂದು ಮಾತ್ರ ಇತ್ತು. ನೋಡಿಕೊಳ್ಳುವವನು ನಾನು ಬೆಳಗ್ಗೆಯೇ ಬಂದಿದ್ದೇನೆಂದೂ, ಎರಡನೆಯ ಕೊಠಡಿ ದೊರೆಯದೆಂದೂ ಖಂಡಿತವಾಗಿ ಹೇಳಿಬಿಟ್ಟನು. ಬೆಳಗ್ಗೆ ಬಂದ ಆ 'ನಾನು' ಗಂಗಾಸ್ನಾನದಿಂದ ಹಿಂದಿರುಗಿದಾಗ ನೋಡಿದರೆ, ನನಗಿಂತ ಹತ್ತು ವರ್ಷ ಹಿರಿಯರಾದ ಪಾವಗಡದ ಕಡೆಯ ವೈದಿಕರು. ನಾನು ನಮಸ್ಕರಿಸಿ ಅಭಿವಾದನ ಹೇಳಿದೆನು. ಗೋತ್ರ ಬೇರೆ, ಸೂತ್ರ ಬೇರೆ. ಹೆಸರು ಮಾತ್ರ ಇಬ್ಬರಿಗೂ ಒಂದೇ ಸೀಬಿಯ ನರಸಿಂಹನ ಹರಕೆಯಿಂದ ಬಂದುದು. ಅವರು ನಕ್ಕು, ನನ್ನ ಹೆಸರಿನ ಕೊನೆಯಕ್ಷರವನ್ನು ಶಾಸ್ತ್ರೋಕ್ತವಾಗಿ ಎಳೆದು ಹರಸಿ, ತಮ್ಮ ಕೊಠಡಿಯಲ್ಲಿಯೇ ಸ್ಥಳಕೊಟ್ಟರು. ನನ್ನ ಹೆಸರನ್ನು ಇನ್ನೊಬ್ಬರ ಹೆಸರೆಂಬಂತೆ ಕೇಳಿದುದು ನನಗೆ ಅದೇ ಮೊದಲು.

ಇತಿಹಾಸಕಾವ್ಯಗಳಲ್ಲಿ ಈ ಸನ್ನಿವೇಶಕ್ಕೆ ಪ್ರಸಿದ್ಧವಾದ ಉದಾಹರಣವು ರಾಮರಿಬ್ಬರ ಸಂಧಿಯೇ. ವಾಲ್ಮೀಕಿಯ ಬಾಲಕಾಂಡದಲ್ಲಿ ದಾಶರಥಿಯು ಮಿಥಿಲೆಯಿಂದ ಮರಳುವಾಗ ದಾರಿಯಲ್ಲಿ ಭಾರ್ಗವನು ಎದುರಾಗುವನು. ಆದಿಕವಿಗೆ ಇಲ್ಲಿ ಧನುಸ್ಸಿನ ವಿಷಯವೇ ಮುಖ್ಯ. ಹೆಸರಿನ ವಿಷಯವನ್ನು ಆತನು ಕಲಹಕ್ಕೆ ಎಳೆಯಲಿಲ್ಲ, ಪಿತೃನಾಮಗಳಿಂದ ಇಬ್ಬರನ್ನೂ ಬೇರ್ಪಡಿಸಿ ಮುಂದುವರಿದನು. ಅಧ್ಯಾತ್ಮರಾಮಾಯಣಕ್ಕೆ ಬಂದರೆ ಪರಶುರಾಮನು, ತನ್ನ ಹೆಸರನ್ನು ಇಟ್ಟುಕೊಂಡು ಲೋಕದಲ್ಲಿ ತಿರುಗುತ್ತಿರುವೆಯೆಂದು ರಾಮನನ್ನು ಗದರಿಸಿ ದ್ವಂದ್ವಕ್ಕೆ ಕರೆಯುವನು. ತುಲಸೀದಾಸನ ರಾಮಚರಿತಮಾನಸದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಯುದ್ಧದಲ್ಲಿ ತನ್ನನ್ನು ತೃಪ್ತಿಪಡಿಸು, ಇಲ್ಲವೇ ರಾಮನೆನಿಸಿಕೊಳ್ಳುವುದನ್ನು ಬಿಡು ಎಂದು ಭಾರ್ಗವನು ಆಗ್ರಹಪಡುವನು; ಅದಕ್ಕೆ ರಘುನಾಥನ ಉತ್ತರವು, ತನ್ನದು ಬರಿಯ ಚಿಕ್ಕ ಹೆಸರು, ತಮ್ಮದಾದರೋ ಪರಶುಸಹಿತವಾದ ದೊಡ್ಡ ಹೆಸರು ಎಂಬ ವಿನಯಗರ್ಭಿತವಾದ ಪರಿಹಾಸ. ಒಂದೇ ಕಥೆಯಲ್ಲಿ ಹೆಸರಿನ ಮೇಲಣ ಹಕ್ಕಿನ ಭಾವನೆಯು ಹೇಗೆ ಬಲಿಯುತ್ತ ಬಂದಿದೆಯೆಂಬುದನ್ನು ಸಾಹಿತ್ಯದ ಉಪಾಧ್ಯಾಯರು ತರಗತಿಯಲ್ಲಿ ತುಲನೆಮಾಡಿ ತೋರಿಸಬಹುದು. ಮೊದಲು ಹೆಸರಿಗಾಗಿ ಕೋಪಗೊಂಡವನೇ ಕಡೆಗೆ ಎದುರಿನವನನ್ನು ಗುರುತಿಸಿ ಮಹೇಂದ್ರಗಿರಿಗೆ ತೆರಳುವುದು ಈ ಪ್ರಸಂಗದ ಸೌಂದರ್ಯ. ಭಾಗವತದ ಪೌಂಡ್ರಕನ ಕಥೆಯು ಇದಕ್ಕೆ ಪ್ರತಿಯಾದುದು. ತಾನೇ ವಾಸುದೇವನೆಂದು ದ್ವಾರಕೆಗೆ ದೂತನನ್ನಟ್ಟಿದ ಆತನಿಗೆ ಸನಾಮತ್ವವು ಸಾಲದೆ ಚಿಹ್ನೆಗಳೂ ಬೇಕಾದವು, ತಲೆಯು ಹೋಯಿತು.

ನಮ್ಮ ಹಳ್ಳಿಗಳ ಮನೋಧರ್ಮಕ್ಕೆ ತೀರ ಸಮೀಪವಾದುದನ್ನು ಕಾಣಬೇಕಾದರೆ ಆಫ್ರಿಕಾ ಖಂಡದ ಕಲಹಾರಿ ಮರುಭೂಮಿಗೆ ಹೋಗಬೇಕು. ಅಲ್ಲಿಯ ಕುಂಗ್ ಜನರಲ್ಲಿ ೧೯೫೦ರ ದಶಕದಲ್ಲಿ ವಾಸಮಾಡಿ ಅವರ ನಡೆನುಡಿಗಳನ್ನು ಬರೆದಿಟ್ಟ ಲೋರ್ನಾ ಮಾರ್ಷಲ್ ಎಂಬ ವಿದುಷಿಯು ಹೇಳುವಂತೆ, ಆ ಜನರಲ್ಲಿಯೂ ಹೆಸರುಗಳು ಕೆಲವೇ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರನ್ನು ಇಡುವರು. ದೂರದ ಗುಂಪಿಗೆ ಹೋದವನಿಗೆ ಅಲ್ಲಿ ತನ್ನ ಹೆಸರಿನವನು ದೊರೆತರೆ, ರಕ್ತಸಂಬಂಧವೇನೂ ಇಲ್ಲದಿದ್ದರೂ, ಆ ಸನಾಮನ ನೆಂಟಸ್ತಿಕೆಯ ಹಾದಿಯಲ್ಲಿಯೇ ಅವನ ನೆಂಟರು ಇವನಿಗೂ ನೆಂಟರಾಗುವರು; ಅಪರಿಚಿತರ ನಡುವೆ ಕುಳಿತುಕೊಳ್ಳಲು ಇವನಿಗೊಂದು ಸ್ಥಾನ ದೊರೆಯುವುದು. ನಮ್ಮಲ್ಲಿ ಹೆಸರಿನಿಂದ ಸಂಬಂಧವು ಪ್ರಶ್ನೆಯಾಗಿ ಆರಂಭವಾಗುವುದು. ಅವರಲ್ಲಿ ಉತ್ತರವಾಗಿಯೇ ಆರಂಭವಾಗುವುದು.

ಸಮುದ್ರದಾಚೆಯ ದೇಶಗಳಿಗೆ ನಮ್ಮ ಜನರು ಹೋದಾಗ ಈ ವ್ಯವಸ್ಥೆಯೆಲ್ಲ ಏನಾಗುವುದು? ಅಲ್ಲಿಯ ನಮೂನೆಗಳಲ್ಲಿ ಎರಡು ಅಂಕಣಗಳು: ಒಂದು ಕುಲನಾಮಕ್ಕೆ, ಇನ್ನೊಂದು ಇಟ್ಟ ಹೆಸರಿಗೆ. ನಮ್ಮವರ ಊರಿನಕ್ಷರವೂ ತಂದೆಯಕ್ಷರವೂ ಯಾವ ಅಂಕಣಕ್ಕೂ ಒಗ್ಗವು. ಅಗತ್ಯಕ್ಕೆ ಕಟ್ಟುಬಿದ್ದು ತಂದೆಯ ಹೆಸರನ್ನೇ ಕುಲನಾಮವಾಗಿ ಬರೆಯಿಸಿದವನನ್ನು ಅಲ್ಲಿಯವರು ಮರ್ಯಾದೆಯಿಂದ 'ಮಿಸ್ಟರ್ ರಂಗಪ್ಪ' ಎಂದು ಕೂಗಿದಾಗ, ಕೂಗಿದುದು ಊರಿನಲ್ಲಿ ಕುಳಿತಿರುವ ತಂದೆಯನ್ನಾಗುವುದು. ಒಂದೇ ಹೆಸರುಳ್ಳವರ ಪಾಡು ಇನ್ನೂ ಕಷ್ಟ. ಅಮೆರಿಕಾ ಸಂಯುಕ್ತಸಂಸ್ಥಾನದ ವೀಸಾದಲ್ಲಿ ಅಂತಹವರ ಇದ್ದೊಂದು ಹೆಸರು ಕುಲನಾಮದ ಸ್ಥಳಕ್ಕೆ ಸರಿದು, ಇಟ್ಟ ಹೆಸರಿನ ಸ್ಥಳದಲ್ಲಿ 'ಎಫ್. ಎನ್. ಯು.' ಎಂಬ ಮೂರಕ್ಷರಗಳು ಬೀಳುತ್ತವೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ತಿಮ್ಮಪ್ಪನೆಂದು ಅಜ್ಜಿಯು ತೊಟ್ಟಿಲಲ್ಲಿ ಮೂರು ಸಲ ಕೂಗಿ ಇಟ್ಟ ಹೆಸರಿನ ಪಕ್ಕದಲ್ಲಿ ಹೆಸರು ತಿಳಿಯದೆಂಬ ಷರಾ! ಸಂಯುಕ್ತ ಅರಬ್ ಸಂಸ್ಥಾನದವರು ೨೦೨೨ರ ನವೆಂಬರ್ ೨೧ರಿಂದ, ರಹದಾರಿಯಲ್ಲಿ ಒಂದೇ ಹೆಸರುಳ್ಳ ಸಂದರ್ಶಕರನ್ನು ಬರಗೊಡುವುದಿಲ್ಲವೆಂದು ಸಾರಿ, ಅನಂತರ ರಹದಾರಿಯ ಎರಡನೆಯ ಪುಟದಲ್ಲಿ ತಂದೆಯ ಹೆಸರಾಗಲಿ ಮನೆತನದ ಹೆಸರಾಗಲಿ ಇದ್ದರೆ ಸಾಕೆಂದು ಸಡಿಲಿಸಿದರು. 'ಯಾರ ಪೈಕಿ?' ಎಂಬ ನಮ್ಮ ಪ್ರಶ್ನೆಯನ್ನೇ ಅವರೂ ಕೇಳಿದರೆಂದು ಭಾವಿಸಿದರೆ ಕೋಪಿಸಿಕೊಳ್ಳುವುದಕ್ಕೆ ಕಾರಣವಿರದು. ಬರಿಯ ಹೆಸರನ್ನು ನಂಬಿದರೆ ಆಗುವ ಅನರ್ಥವು ದೊಡ್ಡವರನ್ನೂ ಬಿಟ್ಟಿಲ್ಲ. ಅಮೆರಿಕಾದ ಸೆನೆಟ್ ಸಭೆಯ ಹಿರಿಯ ಸದಸ್ಯ ಎಡ್ವರ್ಡ್ ಕೆನೆಡಿಯನ್ನೇ ೨೦೦೪ರಲ್ಲಿ ವಿಮಾನನಿಲ್ದಾಣಗಳಲ್ಲಿ, ಶಂಕಿತರ ಪಟ್ಟಿಯ ಹೆಸರೊಂದಕ್ಕೆ ಹೋಲುತ್ತದೆಂ‌ಬ ಕಾರಣದಿಂದ, ಪದೇಪದೇ ತಡೆದರು.

ಇಬ್ಬರು ರಾಮಾನುಜರನ್ನು ಇಲ್ಲಿ ಸ್ಮರಿಸುವುದು ಪ್ರಕೃತವಾಗಿದೆ. ೧೯೧೪ರಲ್ಲಿ ಕೇಂಬ್ರಿಜ್ಜಿಗೆ ಹೋಗಿ ೧೯೧೮ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದ ಗಣಿತಜ್ಞರನ್ನು ಲೋಕವು ಶ್ರೀನಿವಾಸ ರಾಮಾನುಜನ್ ಎಂದು ಕರೆಯುವುದು. ಶ್ರೀನಿವಾಸ ಎಂಬುದು ಅವರದಲ್ಲ, ಅವರ ತಂದೆಯವರ ಹೆಸರು. ೧೯೨೯ರಲ್ಲಿ ಮೈಸೂರಿನಲ್ಲಿ ಹುಟ್ಟಿ ಶಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದು ೧೯೯೩ರಲ್ಲಿ ತೀರಿಕೊಂಡ ಅತ್ತಿಪಟ್ಟು ಕೃಷ್ಣಸ್ವಾಮಿ ರಾಮಾನುಜನ್ ಕನ್ನಡದ ಕವಿಗಳು, ವಚನಗಳ ಅನುವಾದಕರು. ಗಣಿತದ ಪ್ರಾಧ್ಯಾಪಕರಾಗಿದ್ದುದು ಇವರ ತಂದೆಯವರು. ಕುಲನಾಮವೇ ಮುಖ್ಯವಾದ ದೇಶಗಳಲ್ಲಿ ಇಬ್ಬರೂ ಒಂದೇ ಮನೆತನದವರಂತೆ ಕಾಣುವರು. ವಾಸ್ತವವಾಗಿ ಇಬ್ಬರಿಗೂ ಹೆಸರು ಬಂದುದು ಮೇಲುಕೋಟೆಯಲ್ಲಿ ಕೆಲವು ಕಾಲ ನೆಲಸಿದ್ದ ಭಾಷ್ಯಕಾರರಿಂದ. ಆದುದರಿಂದ ಮನೆತನವು ಒಂದೇ ಎಂದರೂ ತೀರ ತಪ್ಪಾಗಲಾರದು!

ಸನಾಮರನ್ನು ಒಂದುಗೂಡಿಸಿ ವಿದ್ವಾಂಸರೇ ಮೋಸಹೋದುದಕ್ಕೆ ಕರ್ಣಾಟಕದ ಇತಿಹಾಸದಲ್ಲಿ ಪ್ರಬಲವಾದ ನಿದರ್ಶನವಿದೆ. ವಿಜಯನಗರದ ಆದಿಕಾಲದಲ್ಲಿ ಮಾಧವರಿಬ್ಬರು ಸಮಕಾಲೀನರಾಗಿದ್ದರು. ಒಬ್ಬರು ಪರಾಶರಮಾಧವೀಯವನ್ನು ರಚಿಸಿದ ಮಾಧವಾಚಾರ್ಯರು, ವೇದಭಾಷ್ಯಕಾರ ಸಾಯಣಾಚಾರ್ಯರ ಅಣ್ಣಂದಿರು. ಇನ್ನೊಬ್ಬನು ಗೋವೆಯನ್ನು ಗೆದ್ದು ಆಳಿದ ಮಾಧವಮಂತ್ರಿ, ಸೂತಸಂಹಿತೆಗೆ ತಾತ್ಪರ್ಯದೀಪಿಕೆಯೆಂಬ ವ್ಯಾಖ್ಯಾನವನ್ನು ಬರೆದವನು. ಇಬ್ಬರೂ ಪಂಡಿತರು, ಇಬ್ಬರಿಗೂ ರಾಜಾಸ್ಥಾನದ ಸಂಬಂಧ. ಆದುದರಿಂದ ಗೋವೆಯ ಜಯವನ್ನು ಬಹುಕಾಲ ಆಚಾರ್ಯರ ತಲೆಯ ಮೇಲೆಯೇ ಹೊರಿಸಲಾಗಿತ್ತು. ಇವರನ್ನು ಬಿಡಿಸಿದುದು ಯಾವುದು? ಆಚಾರ್ಯರು ತಾವೇ ಗ್ರಂಥಾರಂಭದಲ್ಲಿ ಭಾರದ್ವಾಜಗೋತ್ರ, ಬೋಧಾಯನಸೂತ್ರ, ಯಜುಶ್ಶಾಖೆ, ತಂದೆ ಮಾಯಣ, ತಾಯಿ ಶ್ರೀಮತಿ, ತಮ್ಮಂದಿರು ಸಾಯಣ ಭೋಗನಾಥರೆಂದು ಹೇಳಿಕೊಂಡಿದ್ದಾರೆ. ಮಂತ್ರಿಯಾದರೋ ಆಂಗಿರಸಗೋತ್ರದವನು, ಚೌಂಡಿಭಟ್ಟನ ಮಗ, ಕ್ರಿಯಾಶಕ್ತಿಯ ಶಿಷ್ಯ. ರಾವಬಹದ್ದೂರ್ ಆರ್. ನರಸಿಂಹಾಚಾರ್ಯರು ೧೯೧೬ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಈ ಸಾಧನಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ನಿರ್ಣಯಿಸಿದರು. ಅಭಿವಾದನದ ಪದ್ಧತಿಯೇ ಇಲ್ಲಿ ನ್ಯಾಯಾಧೀಶನಾಯಿತೆಂಬುದನ್ನು ವಾಚಕರು ಗಮನಿಸಬೇಕು. ಪ್ರಾಸಂಗಿಕವಾಗಿ ಇನ್ನೊಂದು ಮಾತು: ಸಾಯಣರ ಮಕ್ಕಳು ಮೂವರಲ್ಲಿ ಒಬ್ಬನ ಹೆಸರು ಮಾಯಣ. ತಾತನ ಹೆಸರು ಕಟ್ಟುವ ರೂಢಿಯು ವೇದಭಾಷ್ಯಕಾರರ ಮನೆಯಲ್ಲಿಯೂ ಇತ್ತು. ಆ ಮನೆಯ ಇಬ್ಬರು ಮಾಯಣರನ್ನು ಕಲಸಿಬಿಟ್ಟರೆ ತಾತನು ತನ್ನ ಮಗನಿಗೇ ಮಗನಾಗಿಬಿಡುವನು.

ಕನ್ನಡ ಕವಿಗಳಲ್ಲಿ ಛಂದೋಂಬುಧಿ, ಕರ್ಣಾಟಕ ಕಾದಂಬರಿಗಳ ನಾಗವರ್ಮನೂ, ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣಗಳ ನಾಗವರ್ಮನೂ ಮೊದಮೊದಲು ಒಬ್ಬನೇ ಎಂದು ಎಣಿಸಲ್ಪಟ್ಟಿದ್ದರು. ಪ್ರತಿಯಾಗಿ ನಾಗಚಂದ್ರನು ಅಭಿನವಪಂಪನೆನಿಸಿಕೊಂಡು, ಇರುವ ಹೆಸರಿನ ಮೇಲೆ ಹಿರಿಯನೊಬ್ಬನ ಸನಾಮತ್ವವನ್ನು ತಾನಾಗಿಯೇ ಹೊದ್ದುಕೊಂಡನು. ಶಿವಶರಣರ ಅಂಕಿತವೂ ಈ ದೃಷ್ಟಿಯಿಂದ ವಿಚಾರಾರ್ಹ. ಕರ್ತೃವಿನ ಸ್ವಂತ ಹೆಸರು ಹಲವರಿಗೆ ಸಾಧಾರಣವಾಗಿರಬಹುದು. ವಚನದ ಕೊನೆಯಲ್ಲಿ ನಿಲ್ಲುವ ದೇವರ ಹೆಸರೇ ಕರ್ತೃವನ್ನು ತೋರಿಸಿಕೊಡುವುದು. ನಾವು ದೇವರ ಹೆಸರಿನಿಂದ ಕಲಸಿಹೋಗುತ್ತೇವೆ, ಅವರು ದೇವರ ಹೆಸರಿನಿಂದಲೇ ಬೇರೆಯಾದರು.

ಮತ್ತೆ ನಮ್ಮ ಸೀಮೆಗೆ ಬರೋಣ. ಶಾಲೆಗೆ ಮಗುವನ್ನು ಸೇರಿಸುವ ದಿನ ತಂದೆಯ ಹೆಸರು ಒಂದು ಅಕ್ಷರಕ್ಕೆ ಇಳಿಯುವುದು. 'ರಂಗನಾಥ ಹೆಚ್.', 'ರಂಗನಾಥ ಕೆ.' ಎಂದು ಕೂಗಿ ಕೂಗಿ, ಹತ್ತು ವರ್ಷಗಳಲ್ಲಿ ಆ ಹೆಚ್. ಹನುಮಂತಪ್ಪನೋ ಹುಲಿಕುಂಟೆಯೋ ಎಂಬುದು ಹುಡುಗನಿಗೇ ಮರೆತುಹೋಗುವುದುಂಟು. ಮುಂದೆ ಆತನು ರಹದಾರಿಗೆ ಅರ್ಜಿ ಹಾಕುವಾಗ ಆ ಅಕ್ಷರವನ್ನು ಬಿಡಿಸಿ ಬರೆಯೆಂದು ಕೇಳುವರು. ಮೊದಲಕ್ಷರವೆಂಬುದು ಸಂಕ್ಷಿಪ್ತವಾದ ಪ್ರವರ. ಅದನ್ನು ಪೂರ್ಣವಾಗಿ ದಾಖಲೆಮಾಡುವುದಕ್ಕೆ ಉಪಾಧ್ಯಾಯರಿಗೆ ಹಿಡಿಯುವ ಕಾಲ ಅರ್ಧ ನಿಮಿಷ. ಬೇಕಾದ ಮಸಿಯು ಅದಕ್ಕಿಂತಲೂ ಕಡಮೆ.

ಪಾವಗಡ ತಾಲ್ಲೂಕಿನ ನಿಡುಗಲ್ಲಿನ ಬೆಟ್ಟದಲ್ಲಿ ಇರುಂಗೋಳನ ಆಳ್ವಿಕೆಯ ಕಾಲದ, ೧೨೩೨ನೆಯ ವರ್ಷದ ಜೈನಶಾಸನವೊಂದಿದೆ. ಲೂಯಿ ರೈಸರು ೧೯೦೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ಣಾಟಿಕದ ಹನ್ನೆರಡನೆಯ ಸಂಪುಟದಲ್ಲಿ ಅದು ಸೇರಿದೆ. ಬಸದಿಯನ್ನು ಮಾಡಿಸಿದವನು ಮಾರೆಯ. ಮಾರ, ಮಾರಯ್ಯ, ಮಾರೆಯ, ಮಾರಪ್ಪ ಎಂಬ ಹೆಸರು ಆ ಕಾಲದ ಕಲ್ಲುಗಳಲ್ಲಿ ಎಷ್ಟು ಸಾಧಾರಣವೆಂಬುದನ್ನು ಶಾಸನಗಳನ್ನು ಓದಿದವರೆಲ್ಲರೂ ಬಲ್ಲರು. ಆದರೆ ಶಾಸನವು ಬರಿಯ ಮಾರೆಯನೆನ್ನದೆ 'ಗಂಗೇಯನ ಮಾರೆಯ'ನೆಂದು ಆತನನ್ನು ಕರೆಯುವುದು. ಗಟ್ಟಿಯಾದ ಕಲ್ಲಿನಲ್ಲಿ ಆ ಷಷ್ಠ್ಯಂತದ ನಾಲ್ಕು ಅಕ್ಷರಗಳನ್ನು ಕೊರೆಯುವುದಕ್ಕೆ ಶಿಲ್ಪಿಯು ಬೇಸರಪಡಲಿಲ್ಲವಾಗಿ, ಎಂಟುನೂರು ವರ್ಷಗಳು ಸಮೀಪಿಸುತ್ತಿದ್ದರೂ ನಿಡುಗಲ್ಲಿನ ಆ ಮಾರೆಯನು ಬೇರೆ ಯಾವ ಮಾರೆಯನೊಡನೆಯೂ ಬೆರೆತುಹೋಗಿಲ್ಲ.